ರಕ್ತನಾಳಕ್ಕೆ ಹೊಲಿಗೆ ಹಾಕಿದ ಅಲೆಕ್ಸಿಸ್ ಕ್ಯಾರೆಲ್

1894ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಲಿಯೋನ್ ನಗರದಲ್ಲಿ ಕೊಲೆಗಡುಕನ ಇರಿತಕ್ಕೆ ಗುರಿಯಾದನು. ಯಕೃತ್ತಿಗೆ ರಕ್ತವನ್ನೊಯ್ಯುವ ದೊಡ್ಡ ಅಭಿಧಮನಿ ಕತ್ತರಿಸಿಹೋಗಿತ್ತು. ಕಡಿದ ನಾಳವನ್ನು ಕೂಡಿಸುವ ವಿದ್ಯೆ ಅಂದಿನ ಶಸ್ತ್ರವೈದ್ಯರಿಗೆ ಕರಗತವಾಗಿರಲಿಲ್ಲ, ಅಧ್ಯಕ್ಷನು ಅಸುನೀಗಿದನು. ಆ ಊರಿನಲ್ಲಿಯೇ ವೈದ್ಯಕೀಯ ಕಲಿಯುತ್ತಿದ್ದ ತರುಣ ಅಲೆಕ್ಸಿಸ್ ಕ್ಯಾರೆಲ್‌ನನ್ನು ಈ ಸಾವು ಬಹುವಾಗಿ ಕಾಡಿತು.

1873ರ ಜೂನ್ 28ರಂದು ಲಿಯೋನ್ ಸಮೀಪದಲ್ಲಿ ಜನಿಸಿದ ಈತನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದನು. ಲಿಯೋನ್ ರೇಷ್ಮೆಗೆ ಹೆಸರಾದ ಪಟ್ಟಣ. ಗೋಕಾಕ ಫಾಲ್ಸಿನ ಗಿರಣಿಯ ನೂಲನ್ನೂ ಈ ಸೀಮೆಯ ತಾಯಂದಿರ ಕಸೂತಿಯನ್ನೂ ಬಲ್ಲವರಿಗೆ ಮುಂದಿನ ಸಂಗತಿ ಸೋಜಿಗವೆನಿಸದು. ಹೊಲಿಗೆಯ ಗುಟ್ಟನ್ನರಿಯಲು ಕ್ಯಾರೆಲ್ ಹೋದದ್ದು ಪಂಡಿತರ ಬಳಿಗಲ್ಲ, ಕಸೂತಿ ಹಾಕುವ ಒಬ್ಬ ಹೆಣ್ಣುಮಗಳ ಬಳಿಗೆ. ಅತಿ ಸಣ್ಣ ಸೂಜಿಯಿಂದ, ನವಿರಾದ ರೇಷ್ಮೆಯ ಎಳೆಯಿಂದ ಹೊಲಿಯುವುದನ್ನು ಆಕೆಯಿಂದ ಕಲಿತನು. ನಾಳದ ಎರಡು ತುದಿಗಳನ್ನು ಮೂರು ಕಡೆ ಹೊಲಿದು ಎಳೆದು ಹಿಡಿದರೆ ದುಂಡನೆಯ ಬಾಯಿ ತ್ರಿಕೋನವಾಗುತ್ತದೆ. ಆಗ ಅಂಚುಗಳು ನೇರವಾಗಿ ನಿಲ್ಲುತ್ತವೆ; ಒಳಗಿನ ದಾರಿ ಕಿರಿದಾಗದಂತೆ ಹೊಲಿಯಬಹುದು. ರಕ್ತ ಹೆಪ್ಪುಗಟ್ಟದಿರಲೆಂದು ಸೂಜಿದಾರಗಳಿಗೆ ವ್ಯಾಸಲೀನ್ ಸವರುತ್ತಿದ್ದನು. ಈ ಕ್ರಮವು 1902ರಲ್ಲಿ ಪ್ರಕಟವಾಯಿತು.

1904ರಲ್ಲಿ ದೇಶ ತೊರೆದ ಆತನು 1906ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯನ್ನು ಸೇರಿದನು. 1912ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಜೀವಕೋಶಗಳನ್ನು ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಬೆಳೆಸುವುದರಲ್ಲಿಯೂ ಆತನು ಅಗ್ರಗಣ್ಯನಾದನು. ವಿಮಾನವೀರ ಲಿಂಡ್‌ಬರ್ಗನೊಡನೆ ಸೇರಿ, ಬೇರ್ಪಡಿಸಿದ ಅಂಗಗಳನ್ನು ಜೀವಂತವಾಗಿಡುವ ಪಂಪೊಂದನ್ನು 1935ರಲ್ಲಿ ಲೋಕಕ್ಕೆ ತೋರಿಸಿದನು. ಕೋಳಿಮರಿಯ ಹೃದಯದ ಕೋಶಗಳು ಅಮರವೆಂಬ ಆತನ ನಂಬಿಕೆ ಮಾತ್ರ 1961ರಲ್ಲಿ ಹೇಫ್ಲಿಕ್‌ನ ಪ್ರಯೋಗಗಳಿಂದ ಬಿದ್ದುಹೋಯಿತು.

ಇದಕ್ಕಿಂತ ದೊಡ್ಡ ಕಳಂಕ ಬೇರೊಂದಿದೆ. 1935ರ ತನ್ನ ಗ್ರಂಥದಲ್ಲಿ ಕ್ಯಾರೆಲ್ ಮನುಷ್ಯರನ್ನು ಹುಟ್ಟಿನಿಂದಲೇ ಮೇಲುಕೀಳೆಂದು ಅಳೆದನು. ಘೋರ ಅಪರಾಧಿಗಳನ್ನು ವಿಷಾನಿಲದಿಂದ ಕೊನೆಗಾಣಿಸಬಹುದೆಂದೂ ಬರೆದನು. ಯುದ್ಧಕಾಲದಲ್ಲಿ ನಾಜಿಗಳಿಗೆ ಮಣಿದ ವಿಶಿ ಸರಕಾರದ ಆಶ್ರಯದಲ್ಲಿ ಸಂಸ್ಥೆಯೊಂದನ್ನು ನಡೆಸಿದನು. ಶರಣರ ನಾಡಿನವರಿಗೆ ಇದು ಒಪ್ಪತಕ್ಕ ಮಾತಲ್ಲ. ಕೈಯ ಕೌಶಲವನ್ನು ಮನ್ನಿಸುವಾಗ ಈ ವಿಚಾರವನ್ನು ಮರೆಮಾಚುವುದು ಉಚಿತವೂ ಅಲ್ಲ. 1944ರ ನವೆಂಬರ್ 5ರಂದು ಪ್ಯಾರಿಸಿನಲ್ಲಿ ಆತನು ತೀರಿಕೊಂಡನು.

ಅಮೆರಿಕದ ವೈದ್ಯ ಆ್ಯಂಟನಿ ಅಟಾಲಾ ಮತ್ತು ಸಂಗಡಿಗರು ರೋಗಿಗಳ ಸ್ವಂತ ಕೋಶಗಳಿಂದಲೇ ಮೂತ್ರಕೋಶದ ಭಿತ್ತಿಯನ್ನು ಬೆಳೆಸಿ 7 ಜನರಿಗೆ ಜೋಡಿಸಿದ ವರದಿ 2006ರಲ್ಲಿ ಹೊರಬಂದಿತು. ಹುಕ್ಕೇರಿ, ಮೂಡಲಗಿಗಳ ಕಡೆಯಿಂದ ಡಯಾಲಿಸಿಸ್‌ಗೆ ಹೋಗುವವರ ತೋಳಿನಲ್ಲಿ ಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸುವ ಹೊಲಿಗೆಯೂ ಲಿಯೋನಿನ ಆ ಸೂಜಿಯ ವಂಶದ್ದೇ.