ಮಂಜುಗಡ್ಡೆಯ ವರ್ತಕ ಫ್ರೆಡೆರಿಕ್ ಟ್ಯೂಡರ್

ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿತಟ್ಟು ಮುಚ್ಚುವ ಕ್ರಮವನ್ನು ಹೈದರಾಬಾದಿನ ಬೇಸಗೆ ಕಂಡ ನಮ್ಮ ಹಳೆಯ ಹೋಟೆಲ್ ಕೆಲಸಗಾರರು ಬಲ್ಲರು. ಆ ಹೊಟ್ಟನ್ನೇ ನಂಬಿ ಸಮುದ್ರಗಳಾಚೆ ಮಂಜು ಮಾರಿದ ವರ್ತಕನೊಬ್ಬನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಫ್ರೆಡೆರಿಕ್ ಟ್ಯೂಡರನು 1783ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. 1806ರಲ್ಲಿ ಚಳಿಗಾಲದ ಮಂಜನ್ನು ಹಡಗಿಗೇರಿಸಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದಾಗ ಊರೇ ನಕ್ಕಿತು. ಅಲ್ಲಿ ತಕ್ಕ ಉಗ್ರಾಣವಿರಲಿಲ್ಲ, ಸರಕು ಕರಗಿತು. ಮುಂದೆ ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ಆದರೂ ಛಲ ಬಿಡದೆ ಹವಾನಾದಲ್ಲಿ ಇಮ್ಮಡಿ ಗೋಡೆಯ ಮಂಜಿನ ಮನೆಯನ್ನು ಕಟ್ಟಿಸಿದನು. ಹೊಟ್ಟಿನ ನಡುವೆ ಸಿಕ್ಕಿಬಿದ್ದ ಗಾಳಿಯು ಶಾಖವನ್ನು ಸುಲಭವಾಗಿ ಒಳಬಿಡದು. ಒತ್ತಾಗಿ ಜೋಡಿಸಿದ ಗಡ್ಡೆಗಳು ನಿಧಾನವಾಗಿ ಕರಗುವುವು. ಇದೇ ಅವನ ವ್ಯಾಪಾರದ ಗುಟ್ಟು.

1833ರ ಮೇ ತಿಂಗಳಲ್ಲಿ ಬಾಸ್ಟನ್ ಬಿಟ್ಟ ‘ಟಸ್ಕನಿ’ ಹಡಗು 180 ಟನ್ ಮಂಜು ಹೊತ್ತು, ನಾಲ್ಕು ತಿಂಗಳ ಬಳಿಕ ಸುಮಾರು 100 ಟನ್ನಿನೊಡನೆ ಕಲಕತ್ತೆಗೆ ಬಂದಿತು. ಅದೇ ಕಾಲದಲ್ಲಿ ಕಾಫಿಯ ಸಟ್ಟಾ ಅವನನ್ನು ಎರಡು ಲಕ್ಷ ಡಾಲರಿಗೂ ಮೀರಿದ ಸಾಲಕ್ಕೆ ತಳ್ಳಿತು. ಕಾಫಿ ಮುಳುಗಿಸಿದವನನ್ನು ಮಂಜು ಎತ್ತಿತು. ವರ್ಷಗಟ್ಟಲೆ ದುಡಿದು ಸಾಲವನ್ನು ತೀರಿಸಿದನು.

ಅವನು 1864ರಲ್ಲಿ ತೀರಿಕೊಂಡನು. ಬಳಿಕ ಯಂತ್ರದ ಮಂಜು ಬಂದು ಆ ವ್ಯಾಪಾರವೂ ಅಳಿಯಿತು. ಮದರಾಸಿನ ಕಡಲ ತಡಿಯಲ್ಲಿ ಅವನ ಮಂಜನ್ನಿಡುತ್ತಿದ್ದ ‘ಐಸ್ ಹೌಸ್’ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯೂ ಅದೇ.

ಸಾಲ ಹೊತ್ತು ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಈ ಚರಿತ್ರೆ ಧೈರ್ಯ ಕೊಡಲಿ. ಸಟ್ಟಾದ ಆಸೆಗೆ ಎಚ್ಚರಿಕೆಯೂ ಆಗಲಿ.