ಸುತ್ತುವ ಬಲಗೈ, ತಾಗುವ ಎಡಗೈ

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಸಂಜೆ ಹೊತ್ತು ನಾವು ಏಳೆಂಟು ಹುಡುಗರು ಹಾಸ್ಟೆಲ್ ಹಿಂದಿನ ಶೆಡ್‌ನಲ್ಲಿ ಬಾಕ್ಸಿಂಗ್ ಅಭ್ಯಾಸ ಮಾಡುತ್ತೇವೆ. ಒಂದು ದಿನ ಹಳೆಯ ಕಪ್ಪು ಬಿಳುಪು ವಿಡಿಯೊ ನೋಡಿ, ಅದರಲ್ಲಿದ್ದ ಬಾಕ್ಸರ್‌ನಂತೆ ಬಲಗೈಯನ್ನು ದೊಡ್ಡದಾಗಿ ಸುತ್ತಿಸಿ ಹೊಡೆಯಲು ಹೋದೆ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಎದುರಿಗಿದ್ದ ಸೀನಿಯರ್‌ನ ನೇರ ಪಂಚ್ ನನ್ನ ಮೂಗಿಗೆ ಬಿದ್ದಿತ್ತು.

ರಾತ್ರಿ ಮೂಗಿಗೆ ಐಸ್ ಒತ್ತಿಕೊಂಡು ಲೆಕ್ಕ ಹಾಕಿದೆ. ಎರಡು ಬಿಂದುಗಳ ನಡುವಿನ ಅರ್ಧವೃತ್ತದ ದಾರಿ ನೇರ ದಾರಿಗಿಂತ ಸುಮಾರು 1.57 ಪಟ್ಟು ಉದ್ದ. ಪೆಟ್ಟು ತಡವಾಗಲೇಬೇಕು. ಹಾಗಿದ್ದರೆ ಆ ವಿಡಿಯೊದ ಮನುಷ್ಯ ಇದೇ ಪೆಟ್ಟಿಗೆ ಹೆಸರಾಗಿ ವಿಶ್ವ ಚಾಂಪಿಯನ್ ಆದದ್ದು ಹೇಗೆ? ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಕಿಡ್ ಗವಿಲಾನ್ ಅವರ ಬದುಕು.

ಅವರ ನಿಜ ಹೆಸರು ಹೆರಾರ್ಡೊ ಗೊನ್ಸಾಲೆಸ್. 1926ರಲ್ಲಿ ಕ್ಯೂಬಾದ ಕ್ಯಾಮಗ್ವೆ ಪ್ರಾಂತ್ಯದಲ್ಲಿ ಹುಟ್ಟಿದರು. ಅದು ಕಬ್ಬಿನ ಸೀಮೆ. ಹುಡುಗನಾಗಿದ್ದಾಗಲೇ ಗದ್ದೆಗಿಳಿದು ಕಬ್ಬು ಕಡಿದರು. ಗವಿಲಾನ್ ಎಂದರೆ ಸ್ಪ್ಯಾನಿಷ್‌ನಲ್ಲಿ ಗಿಡುಗ. ಬಾಕ್ಸಿಂಗ್‌ಗೆ ಬಂದ ಮೇಲೆ ಆ ಹೆಸರೇ ಉಳಿಯಿತು. 1943ರಲ್ಲಿ ವೃತ್ತಿಪರ ಬಾಕ್ಸರ್ ಆದಾಗ ಅವರಿಗೆ 17 ವರ್ಷ, ನನಗಿಂತ ಮೂರು ವರ್ಷ ಚಿಕ್ಕವರು.

ಅವರ ಸುತ್ತು ಪೆಟ್ಟಿಗೆ ಬೋಲೊ ಪಂಚ್ ಎಂದು ಹೆಸರು. ಬೋಲೊ ಎಂದರೆ ಫಿಲಿಪ್ಪೀನ್ಸ್‌ನ ಮಚ್ಚು. 1939ರಲ್ಲಿ ಮಿಡಲ್‌ವೇಟ್ ವಿಶ್ವ ಪಟ್ಟ ಗೆದ್ದ ಫಿಲಿಪ್ಪೀನ್ಸ್‌ನ ಸೆಫೆರಿನೊ ಗಾರ್ಸಿಯ ಈ ಪೆಟ್ಟನ್ನು ಮೊದಲೇ ಪ್ರಸಿದ್ಧಗೊಳಿಸಿದ್ದರು. ಅದನ್ನು ಜನರ ನಾಲಿಗೆಯ ಮೇಲೆ ನಿಲ್ಲಿಸಿದವರು ಗವಿಲಾನ್. ಮಚ್ಚು ಬೀಸಿ ಬೀಸಿ ಆ ಸುತ್ತು ತಮ್ಮ ತೋಳಿಗೆ ಬಂತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ನಮ್ಮ ಊರು ಮಂಡ್ಯದ ಕಡೆ. ಅಪ್ಪ ಕಬ್ಬು ಕಡಿಯುವುದನ್ನು ನೋಡಿ ಬೆಳೆದ ನನಗೆ ಈ ಮಾತು ಬೇಗ ಅರ್ಥವಾಯಿತು. ಬಗ್ಗಿ ಬುಡಕ್ಕೆ ಹಾಕುವ ಪೆಟ್ಟಿನಲ್ಲಿ ಕೈಗಿಂತ ಭುಜ, ಸೊಂಟಗಳ ಕೆಲಸವೇ ಹೆಚ್ಚು.

ಇನ್ನು ಮೋಸದ ವಿಷಯ. ಬಾಕ್ಸರ್ ಎದುರಾಳಿಯ ಭುಜ, ಮೊಣಕೈ ಅಲುಗುವುದನ್ನು ನೋಡಿಯೇ ಮುಂದೆ ಬರುವ ಪೆಟ್ಟನ್ನು ಊಹಿಸುತ್ತಾನೆ. ದೊಡ್ಡದಾಗಿ ಸುತ್ತುವ ಕೈ ಆ ಊಹೆಯನ್ನೇ ಕೆಡಿಸುತ್ತದೆ. ಅದು ಯಾವ ಕ್ಷಣದಲ್ಲಿ, ಯಾವ ಎತ್ತರದಲ್ಲಿ ತಿರುಗಿ ಬರುತ್ತದೋ ತಿಳಿಯದು. ಕಣ್ಣು ಅದರ ಹಿಂದೆ ಹೋದರೆ ಇನ್ನೊಂದು ಕೈಗೆ ದಾರಿ ಸಿಕ್ಕಿತು. 1980ರಲ್ಲಿ ರಾಬರ್ಟೊ ಡುರಾನ್ ಎದುರು ಶುಗರ್ ರೇ ಲೆನಾರ್ಡ್ ಮಾಡಿದ್ದೂ ಇದನ್ನೇ. ಬಲಗೈ ಗಿರಗಿರ ಸುತ್ತಿಸುತ್ತಲೇ ಎಡಗೈಯಿಂದ ಮುಖಕ್ಕೆ ನೇರವಾಗಿ ಹೊಡೆದರು. ನನ್ನ ತಪ್ಪು ಆಗ ಗೊತ್ತಾಯಿತು. ನಾನು ಸುತ್ತನ್ನು ಮಾತ್ರ ಕಲಿತಿದ್ದೆ, ಅದರ ಜೊತೆಗೆ ಹೊಡೆಯಬೇಕಾದ ಎಡಗೈ ನನ್ನಲ್ಲಿರಲಿಲ್ಲ.

ಗವಿಲಾನ್ ಅವರಲ್ಲಿ ಎಲ್ಲವೂ ಇತ್ತು. ಚುರುಕು ಕಾಲು, ಬಿಡದೆ ಬೀಳುವ ಎಡಗೈ ಪೆಟ್ಟುಗಳು, 15 ಸುತ್ತು ನಿಲ್ಲುವ ದಮ್ಮು. 1948 ಮತ್ತು 1949ರಲ್ಲಿ ಶುಗರ್ ರೇ ರಾಬಿನ್ಸನ್ ಎದುರು ಎರಡು ಸಲ ಸೋತರೂ ಎರಡೂ ಸಲ ಕೊನೆಯ ಗಂಟೆಯವರೆಗೆ ನಿಂತರು. 1951ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾನಿ ಬ್ರಾಟನ್ ಅವರನ್ನು ಮಣಿಸಿ ವೆಲ್ಟರ್‌ವೇಟ್ ಪಟ್ಟ ಗೆದ್ದರು. ಅದನ್ನು ಏಳು ಸಲ ಉಳಿಸಿಕೊಂಡರು. 1953ರಲ್ಲಿ ಕಾರ್ಮೆನ್ ಬೆಸಿಲಿಯೊ ಎದುರು ಎರಡನೇ ಸುತ್ತಿನಲ್ಲೇ ನೆಲಕ್ಕೆ ಬಿದ್ದರು. ಎದ್ದು, 15 ಸುತ್ತು ಆಡಿ ಗೆದ್ದರು. ಒಟ್ಟು 143 ಪಂದ್ಯಗಳಲ್ಲಿ ಒಮ್ಮೆಯೂ ನಾಕ್‌ಔಟ್ ಆಗಲಿಲ್ಲ.

1954ರಲ್ಲಿ ಜಾನಿ ಸ್ಯಾಕ್ಸ್‌ಟನ್ ಎದುರು ತೀರ್ಪುಗಾರರ ನಿರ್ಧಾರದಿಂದ ಪಟ್ಟ ಹೋಯಿತು. ಗೆದ್ದದ್ದು ಗವಿಲಾನ್ ಎಂದೇ ರಿಂಗ್ ಪಕ್ಕದಲ್ಲಿದ್ದ ಹಲವು ಪತ್ರಕರ್ತರು ನಂಬಿದ್ದರು. 1958ರಲ್ಲಿ ನಿವೃತ್ತರಾಗಿ ಕ್ಯೂಬಾಕ್ಕೆ ಮರಳಿದರು. ಕ್ರಾಂತಿಯ ನಂತರದ ಸರ್ಕಾರದೊಂದಿಗೆ ಹೊಂದಿಕೆಯಾಗದೆ 1968ರಲ್ಲಿ ಮತ್ತೆ ಅಮೆರಿಕಕ್ಕೆ ಬಂದರು. ಗಳಿಸಿದ ಹಣ ಅಷ್ಟರಲ್ಲಿ ಕರಗಿತ್ತು. 2003ರಲ್ಲಿ ಮಯಾಮಿಯಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಒಳ್ಳೆಯ ಕಲ್ಲೂ ಇರಲಿಲ್ಲ. ಆಮೇಲೆ ಹಳೆಯ ಬಾಕ್ಸರ್‌ಗಳೇ ಹಣ ಕೂಡಿಸಿ ಕಲ್ಲು ನಿಲ್ಲಿಸಿದರು. ಆ ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ.

ಕಳೆದ ತಿಂಗಳು ಕಾಲೇಜಿನಲ್ಲಿ ಅಣಕು ಸಂದರ್ಶನ ನಡೆಯಿತು. ನನ್ನ ರೆಸ್ಯೂಮೆಯಲ್ಲಿ ಹನ್ನೊಂದು ಆನ್‌ಲೈನ್ ಸರ್ಟಿಫಿಕೇಟ್‌ಗಳಿದ್ದವು. ಅವುಗಳಲ್ಲೊಂದರ ಬಗ್ಗೆ ಕೇಳಿದ ಎರಡನೇ ಪ್ರಶ್ನೆಗೇ ಬಾಯಿ ಕಟ್ಟಿತು. ಮತ್ತೆ ಮೂಗಿಗೆ ಪೆಟ್ಟು! ಅಪ್ಪ ಏನು ಮಾಡುತ್ತಾರೆ ಎಂದಾಗ ಬಿಸಿನೆಸ್ ಅಂದೆ. ಆಚೆ ಬಂದ ಮೇಲೆ ಹೆಚ್ಚು ಚುಚ್ಚಿದ್ದು ಆ ಉತ್ತರ. ಗದ್ದೆಯ ಬೀಸನ್ನೇ ನ್ಯೂಯಾರ್ಕ್‌ವರೆಗೆ ಒಯ್ದವರ ಕಥೆ ಓದಿಯೂ ನಾನು ನಮ್ಮ ಗದ್ದೆಯನ್ನು ಮುಚ್ಚಿಟ್ಟಿದ್ದೆ.

ಈಗ ಎಂಟು ಸರ್ಟಿಫಿಕೇಟ್ ತೆಗೆದುಹಾಕಿದ್ದೇನೆ. ಆ ಜಾಗದಲ್ಲಿ, ಪಿಯುಸಿಯಿಂದಲೂ ಅಪ್ಪನ ಜೊತೆ ನಮ್ಮ ಪಂಪ್‌ಸೆಟ್ ಬಿಚ್ಚಿ ರಿಪೇರಿ ಮಾಡುತ್ತಿರುವುದನ್ನು ಬರೆದಿದ್ದೇನೆ. ಅದರ ಬಗ್ಗೆ ಎಷ್ಟು ಪ್ರಶ್ನೆ ಬೇಕಾದರೂ ಕೇಳಲಿ. ಶೆಡ್‌ನಲ್ಲಿ ಸದ್ಯಕ್ಕೆ ಸುತ್ತು ಪೆಟ್ಟು ಬಿಟ್ಟಿದ್ದೇನೆ. ದಿನಕ್ಕೆ ಇನ್ನೂರು ಸಲ ಬರೀ ಎಡಗೈ.