ಬೆಳ್ಳಾವೆ ನರಹರಿ ಶಾಸ್ತ್ರಿ

ಬೆಳ್ಳಾವೆ ನರಹರಿ ಶಾಸ್ತ್ರಿ (೧೮೮೨–೧೯೬೧) ಕನ್ನಡ ವೃತ್ತಿರಂಗಭೂಮಿಯ ಪ್ರಮುಖ ನಾಟಕಕಾರರು. ೧೯೩೪ರಲ್ಲಿ ತೆರೆಕಂಡ ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಸಂಭಾಷಣೆ ಹಾಗೂ ಗೀತೆಗಳನ್ನು ರಚಿಸಿದವರು ಇವರೇ. ಹೀಗಾಗಿ ಇವರು ಕನ್ನಡ ಚಲನಚಿತ್ರರಂಗದ ಮೊದಲ ಸಂಭಾಷಣಕಾರರೂ ಮೊದಲ ಗೀತರಚನಕಾರರೂ ಆಗಿದ್ದಾರೆ.

ರಂಗಭೂಮಿ

ಶಾಸ್ತ್ರಿಗಳ ಹುಟ್ಟೂರು ತುಮಕೂರು ಜಿಲ್ಲೆಯ ಬೆಳ್ಳಾವೆ. ಅದೇ ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಸ್ಥಾಪನೆಯಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ, ಅಂದರೆ ಜನರ ಬಾಯಲ್ಲಿ ‘ಗುಬ್ಬಿ ಕಂಪನಿ’ಗೆ, ಅವರು ನಾಟಕಗಳನ್ನು ಬರೆದುಕೊಟ್ಟರು. ‘ಕೃಷ್ಣಲೀಲಾ’, ‘ಕಂಸವಧೆ’, ‘ರುಕ್ಮಿಣೀ ಸ್ವಯಂವರ’ ಮುಂತಾದವು ಅವರ ಪೌರಾಣಿಕ ನಾಟಕಗಳು. ಅವರ ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ವಹಿಸುತ್ತಿದ್ದ ಕಳ್ಳನ ಹಾಸ್ಯಪಾತ್ರ ನಾಡಿನಾದ್ಯಂತ ಮನೆಮಾತಾಯಿತು.

ಕಂಪನಿ ನಾಟಕಗಳಲ್ಲಿ ಹಾಡಿಗೆ ಮಾತಿನಷ್ಟೇ ಮಹತ್ತ್ವವಿತ್ತು. ನಟನಾದವನು ಗಾಯಕನೂ ಆಗಿರಬೇಕಿತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಕಥೆಯನ್ನು ನಿಲ್ಲಿಸಿ ಹಾಡನ್ನು ಮತ್ತೆ ಹಾಡಬೇಕಿತ್ತು. ಹಾಡಿನ ಮಟ್ಟು, ನಟರ ಕಂಠ, ಪ್ರೇಕ್ಷಕರ ಅಭಿರುಚಿ ಈ ಮೂರನ್ನೂ ಅರಿತು ಬರೆಯುವುದು ಕಂಪನಿ ಕವಿಯ ಕಸುಬಾಗಿತ್ತು. ಶಾಸ್ತ್ರಿಗಳು ಇದರಲ್ಲಿ ನುರಿತವರಾಗಿದ್ದರು.

ಚಲನಚಿತ್ರ

ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಚಮನ್‌ಲಾಲ್ ಡುಂಗಾಜಿ ಅವರು ‘ಸತಿ ಸುಲೋಚನಾ’ವನ್ನು ನಿರ್ಮಿಸಿದರು. ವೈ. ವಿ. ರಾವ್ ನಿರ್ದೇಶಕರು. ಕರ್ನಾಟಕದಲ್ಲಿ ಆಗ ವಾಕ್ಚಿತ್ರ ತಯಾರಿಕೆಗೆ ಸ್ಟುಡಿಯೋ ಇರಲಿಲ್ಲವಾದ್ದರಿಂದ ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ನಡೆಯಿತು. ಎಂ. ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬಾ ಸುಲೋಚನೆಯಾಗಿ, ಆರ್. ನಾಗೇಂದ್ರರಾವ್ ರಾವಣನಾಗಿ ಅಭಿನಯಿಸಿದರು. ಹಿನ್ನೆಲೆ ಗಾಯನ ಇನ್ನೂ ರೂಢಿಗೆ ಬಾರದಿದ್ದ ಆ ಕಾಲದಲ್ಲಿ ನಟರೇ ಹಾಡಬೇಕಾಗಿದ್ದುದರಿಂದ ಶಾಸ್ತ್ರಿಗಳ ರಂಗಾನುಭವ ಚಿತ್ರಕ್ಕೆ ನೇರವಾಗಿ ಒದಗಿತು. ಚಿತ್ರವು ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಮರುವರ್ಷ, ೧೯೩೫ರಲ್ಲಿ, ‘ಸದಾರಮೆ’ಯೂ ರಾಜಾ ಚಂದ್ರಶೇಖರ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು.

ಮಹತ್ತ್ವ

ಕಂಪನಿ ನಾಟಕಗಳು ಸಾಮಾನ್ಯವಾಗಿ ಬರೆದವರ ಹೆಸರಿಗಿಂತ ಕಂಪನಿಯ ಮತ್ತು ನಟರ ಹೆಸರಿನಿಂದಲೇ ಪ್ರಸಿದ್ಧವಾದವು. ‘ಸದಾರಮೆ’ ಎಂದರೆ ವೀರಣ್ಣನವರ ಕಳ್ಳನನ್ನು ನೆನೆಯುವವರಲ್ಲಿ ಅದರ ಕರ್ತೃವನ್ನು ನೆನೆಯುವವರು ವಿರಳ. ‘ಸತಿ ಸುಲೋಚನಾ’ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ತೆರೆಯ ಮೇಲೆ ಕನ್ನಡವನ್ನು ಮೊದಲು ಮಾತನಾಡಿಸಿದ ಲೇಖಕರ ಆ ಕೃತಿಯನ್ನು ನೋಡುವ, ಕೇಳುವ ಅವಕಾಶ ಇಂದಿನವರಿಗೆ ಇಲ್ಲವಾಗಿದೆ.